ಬಿದನೂರಿನ ಸಿಂಹಾಸನವೂ ನಗರದ ಕಚೇರಿಯೂ

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ ನಗರ ಎಂಬುದೊಂದು ಹೋಬಳಿ. ಹೆಸರು ಕೇಳಿ ದೊಡ್ಡ ಊರೆಂದುಕೊಂಡು ಹೋದವರಿಗೆ ಅಲ್ಲಿ ಸಿಗುವುದು ಪಾಳುಬಿದ್ದ ಕೋಟೆ, ಕೆರೆ, ಸುತ್ತ ಕಾಡು, ನಡುವೆ ಒಂದು ಸಣ್ಣ ಪೇಟೆ. ತಾಲ್ಲೂಕಿನ ಕೇಂದ್ರವಾದ ಹೊಸನಗರದ ಹಳೆಯ ಹೆಸರು ಕಲ್ಲೂರುಕಟ್ಟೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಗರದಲ್ಲಿದ್ದ ತಾಲ್ಲೂಕು ಕಚೇರಿಯನ್ನು ಕಲ್ಲೂರುಕಟ್ಟೆಗೆ ತಂದಾಗ ಕಚೇರಿಯ ಜೊತೆ ಹೆಸರೂ ಬಂತು. ಹಳೆಯದು ನಗರವಾಗಿಯೇ ಉಳಿಯಿತು, ಬಂದದ್ದು ಹೊಸನಗರವಾಯಿತು.

ಈ ನಗರವೇ ಬಿದನೂರು. ಕೆಳದಿಯ ಅರಸರ ಕೊನೆಯ ರಾಜಧಾನಿ. ಹೈದರಾಲಿಯ ಹೈದರ್‌ನಗರ. ಆಮೇಲೆ ಮೈಸೂರಿನ ನಗರ ಫೌಜುದಾರಿ. ಬ್ರಿಟಿಷ್ ಕಮಿಷನರರ ಕಾಲದಲ್ಲಿ ನಗರ ಡಿವಿಜನ್. ಅದಾದ ಮೇಲೆ ನಗರ ತಾಲ್ಲೂಕು. ಈಗ ಹೋಬಳಿ. ರಾಜಧಾನಿಯೊಂದು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಹೋಬಳಿಯಾದ ಉದಾಹರಣೆ ಕರ್ನಾಟಕದಲ್ಲಿ ಇಷ್ಟು ಸ್ಪಷ್ಟವಾಗಿ ಇನ್ನೆಲ್ಲೂ ಸಿಗಲಾರದು.

ಬಿದನೂರಿನ ಕಥೆಯನ್ನು ನಮ್ಮ ಕಡೆ ಎರಡು ರೀತಿಯಲ್ಲಿ ಹೇಳುತ್ತಾರೆ. ಒಂದರಲ್ಲಿ ಹೈದರಾಲಿ ಬಂದ, ಲೂಟಿ ಹೊಡೆದ, ಹಿಂದೂ ರಾಜ್ಯವೊಂದು ಮುಸಲ್ಮಾನನ ಕೈಗೆ ಬಿತ್ತು. ಇನ್ನೊಂದರಲ್ಲಿ ಹೈದರಾಲಿ ಬಂದ, ಕನ್ನಡ ನಾಡನ್ನು ಒಂದುಗೂಡಿಸಿದ, ಇಂಗ್ಲಿಷರ ಎದುರು ನಿಂತ. ಎರಡೂ ಕಥೆಗಳಲ್ಲಿ ಕತ್ತಿ ಇದೆ, ಕೋಟೆ ಇದೆ, ರಾಣಿ ಇದ್ದಾಳೆ, ನವಾಬನಿದ್ದಾನೆ. ಭಾಷಣ ಮಾಡುವವರಿಗೆ ಇಷ್ಟು ಸಾಕು. ಆದರೆ ಕೋಟೆ ಬಿದ್ದ ಮಾರನೆಯ ದಿನ ಅಡಕೆ ತೋಟದ ಲೆಕ್ಕವನ್ನು ಯಾರು ಬರೆದರು, ಯಾವ ಭಾಷೆಯಲ್ಲಿ ಬರೆದರು, ಯಾರಿಗೆ ಒಪ್ಪಿಸಿದರು ಎಂದು ಕೇಳುವವರು ಕಡಿಮೆ. ಮಲೆನಾಡಿನ ಒಕ್ಕಲುಗಳ ಬದುಕು ನಿಂತದ್ದು ಈ ಪ್ರಶ್ನೆಗಳ ಮೇಲೆ. ಗದ್ದಿಗೆಯ ಮೇಲೆ ಕೂತವನ ಮುಖವನ್ನು ಅವರು ನೋಡಿದ್ದು ಅಪರೂಪ. ಲೆಕ್ಕ ಬರೆಯುವವನನ್ನು ಸುಗ್ಗಿಗೊಮ್ಮೆ ನೋಡುತ್ತಿದ್ದರು.

ಮೊದಲು ಕೆಳದಿಯವರ ಲೆಕ್ಕ. ಸಾಗರದ ಪಕ್ಕದ ಕೆಳದಿಯಲ್ಲಿ 1500ರ ಹೊತ್ತಿಗೆ ಚೌಡಪ್ಪನಾಯಕನಿಂದ ಆರಂಭವಾದ ಈ ಮನೆತನ ವಿಜಯನಗರದ ಕೈಕೆಳಗೆ ಬೆಳೆಯಿತು. ಸಾಗರ ಎಂಬ ಊರ ಹೆಸರೇ ಸದಾಶಿವನಾಯಕನ ಹೆಸರಿನ ಸದಾಶಿವಸಾಗರ ಕೆರೆಯಿಂದ ಬಂದದ್ದು. ಈಗ ಅದು ಗಣಪತಿ ಕೆರೆ. ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ ಹೋಯಿತು. 1637ರ ಹೊತ್ತಿಗೆ ಬಿಜಾಪುರದ ರಣದುಲ್ಲಾ ಖಾನನ ದಂಡು ಇಕ್ಕೇರಿಗೆ ನುಗ್ಗಿದ ಮೇಲೆ ವೀರಭದ್ರನಾಯಕ ಘಟ್ಟದಂಚಿನ ದಟ್ಟ ಕಾಡಿನ ನಡುವೆ, ಬಿದಿರಿನ ಊರಾದ ಬಿದನೂರಿಗೆ ಸರಿದ. ಅಲ್ಲಿಂದ ಇಳಿದರೆ ಕುಂದಾಪುರದ ಕಡಲು. ಮೇಲಿನ ಮೆಣಸು, ಏಲಕ್ಕಿ, ಗಂಧ ಕೆಳಗಿಳಿಯಬೇಕು. ಕೆಳಗಿನ ಉಪ್ಪು, ಕುದುರೆ, ಬಂದೂಕು ಮೇಲೇರಬೇಕು. ಕರಾವಳಿಯಲ್ಲಿ ಪೋರ್ಚುಗೀಸರೂ ಆಮೇಲೆ ಇಂಗ್ಲಿಷರೂ ಮೆಣಸಿಗಾಗಿ ಈ ಅರಸರ ಬಾಗಿಲು ಕಾದದ್ದು ಇದೇ ಕಾರಣಕ್ಕೆ.

1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನನ್ನು ಜನ ನೆನೆಯುವುದು ಗೆದ್ದ ಯುದ್ಧಗಳಿಗಿಂತ ಹೆಚ್ಚಾಗಿ ಅವನ ಶಿಸ್ತಿಗಾಗಿ. ಶಿಸ್ತು ಅಂದರೆ ಈಗ ನಮ್ಮ ಮಕ್ಕಳು ಶಾಲೆಯಲ್ಲಿ ಸಾಲಾಗಿ ನಿಲ್ಲುವುದು. ಅವನ ಕಾಲದಲ್ಲಿ ಅದು ಭೂಮಿಯ ಮೇಲಿನ ಕಂದಾಯದ ನಿಗದಿ. ಊರೂರಿನಲ್ಲಿ ಒಂದೊಂದು ಬಗೆಯ ನೆಲದಲ್ಲಿ ಒಂದೊಂದು ಗದ್ದೆಯನ್ನು ಅರಮನೆಯ ಖರ್ಚಿನಲ್ಲೇ ಹನ್ನೆರಡು ವರ್ಷ ಸಾಗುವಳಿ ಮಾಡಿಸಿ, ಬಿತ್ತಿದ ಬೀಜವೆಷ್ಟು, ತಗುಲಿದ ಖರ್ಚೆಷ್ಟು, ಬಂದ ಫಸಲೆಷ್ಟು, ಅದರ ಬೆಲೆಯೆಷ್ಟು ಎಂದು ಬರೆಸಿ, ಸರಾಸರಿ ತೆಗೆದು, ಮೂರರಲ್ಲೊಂದು ಪಾಲು ಅರಸನದೆಂದು ಗೊತ್ತುಮಾಡಿದನಂತೆ. ಹನ್ನೆರಡು ವರ್ಷ ಎಂಬುದು ಹೇಳಿಕೆಯ ಮಾತಿರಬಹುದು. ಆದರೆ ಮುಂದಿನ ಎರಡು ಶತಮಾನಗಳಲ್ಲಿ ಬಂದ ಯಾವ ಸರ್ಕಾರವೂ ಈ ಶಿಸ್ತನ್ನು ಬಿಟ್ಟು ಮಾತಾಡಲಿಲ್ಲ. ಏರಿಸುವವರು ಅದರ ಮೇಲೆ ಏರಿಸಿದರು, ದೂರುವವರು ಅದನ್ನೇ ಹಿಡಿದು ದೂರಿದರು. ಮಲೆನಾಡಿನವರಿಗೆ ನ್ಯಾಯ ಎಂದರೆ ಶಿವಪ್ಪನಾಯಕನ ಶಿಸ್ತು ಎಂಬಂತಾಯಿತು.

ಆ ಲೆಕ್ಕವನ್ನು ಬರೆದದ್ದು ಕಡತದಲ್ಲಿ. ಹುಣಸೆಬೀಜದ ಸರಿಗೆ ಇದ್ದಿಲಿನ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುವ ಕರಿ ಪುಸ್ತಕ ಅದು. ಬೇಡವಾದದ್ದನ್ನು ಅಳಿಸಿ ಮತ್ತೆ ಬಳಿದು ಬರೆಯಬಹುದು. ತಿದ್ದಲು ಎಷ್ಟು ಅನುಕೂಲವೋ ವಂಚನೆಗೂ ಅಷ್ಟೇ ಅನುಕೂಲ ಎಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಂದಿಗೂ ವಿಧಾನಸೌಧದ ಫೈಲಿಗೆ ಕನ್ನಡದಲ್ಲಿ ಕಡತ ಎಂದೇ ಹೆಸರು.

ಇನ್ನು 1763. ಬಸಪ್ಪನಾಯಕ 1755ರಲ್ಲಿ ತೀರಿಕೊಂಡ ಮೇಲೆ ರಾಣಿ ವೀರಮ್ಮಾಜಿ ದತ್ತುಮಗನ ಹೆಸರಿನಲ್ಲಿ ಆಳುತ್ತಿದ್ದಳು. ಆ ದತ್ತುಮಗ ಚೆನ್ನಬಸಪ್ಪ ಸತ್ತನೆಂದು ಅರಮನೆ ಹೇಳಿತು. ಅವನೇ ತಾನೆಂದು ಒಬ್ಬ ಯುವಕ ಚಿತ್ರದುರ್ಗದಲ್ಲಿ ಕಾಣಿಸಿಕೊಂಡ. ದುರ್ಗದ ನಾಯಕ ಅವನನ್ನು ಹೈದರನ ಮುಂದೆ ನಿಲ್ಲಿಸಿದ. ಹೈದರನಿಗೆ ಬೇಕಾದ ನೆಪ ಸಿಕ್ಕಿತು. ದಾರಿಯಲ್ಲಿ ಕುಂಸಿಯ ಸೆರೆಮನೆಯಲ್ಲಿ ರಾಣಿಯೇ ಕೂಡಿಹಾಕಿದ್ದ ಹಳೆಯ ಮಂತ್ರಿ ಲಿಂಗಣ್ಣ ಸಿಕ್ಕ. ಬಿದನೂರಿಗೆ ಹೋಗುವ ಗುಪ್ತ ದಾರಿ ತೋರಿಸಿದವನು ಅವನೇ. ಈಗ ಎಣಿಸಿ ನೋಡಿ: ದಂಡೆತ್ತಿ ಬಂದವನು ಮೈಸೂರಿನ ಒಡೆಯರ ಹೆಸರಿನಲ್ಲಿ ಅಧಿಕಾರ ನಡೆಸುತ್ತಿದ್ದ ಮುಸಲ್ಮಾನ, ನೆಪ ಕೊಟ್ಟವನು ದುರ್ಗದ ಬೇಡ ನಾಯಕ, ದಾರಿ ತೋರಿಸಿದವನು ಕೆಳದಿಯ ಸ್ವಂತ ಮಂತ್ರಿ. ಇದನ್ನು ಎರಡು ಧರ್ಮಗಳ ಯುದ್ಧವೆಂದು ಹೇಳಬೇಕಾದರೆ ಬಹಳ ಹೆಸರುಗಳನ್ನು ಅಳಿಸಬೇಕಾಗುತ್ತದೆ.

ಹಾಗೆಂದು ಹೈದರನಿಗೆ ಹಾಲಿನ ಅಭಿಷೇಕ ಮಾಡುವ ಅಗತ್ಯವೂ ಇಲ್ಲ. ರಾಣಿ ಅರಮನೆಗೆ ಬೆಂಕಿ ಹಚ್ಚಿಸಿ ಬಲ್ಲಾಳರಾಯನದುರ್ಗಕ್ಕೆ ಓಡಿದಳು. ಜನ ಕಾಡಿಗೆ ಓಡಿದರು. ಹೈದರ್ ಬೆಂಕಿ ಆರಿಸಿ, ಸಾಹುಕಾರರ ಮನೆಮನೆಗೂ ಮುದ್ರೆ ಒತ್ತಿಸಿದ. ಇಂಗ್ಲಿಷ್ ಇತಿಹಾಸಕಾರ ವಿಲ್ಕ್ಸ್ ಆ ಸಂಪತ್ತನ್ನು ಒಂದು ಕೋಟಿ ಇಪ್ಪತ್ತು ಲಕ್ಷ ಪೌಂಡ್ ಎಂದು ಲೆಕ್ಕ ಕಟ್ಟಿದ್ದಾನೆ. ಅದು ವಿಪರೀತವೆಂದು ಅನಂತರದವರು ಹೇಳಿದ್ದಾರೆ. ಅದರ ನಾಲ್ಕನೆಯ ಒಂದು ಪಾಲೇ ಇದ್ದರೂ ಅದು ಮಲೆನಾಡಿನ ಗದ್ದೆ ತೋಟಗಳಿಂದ ಎರಡು ಶತಮಾನ ಸುರಿದ ಬೆವರು. ತನ್ನ ಏಳಿಗೆಗೆಲ್ಲ ಬಿದನೂರೇ ಅಡಿಗಲ್ಲು ಎಂದು ಹೈದರನೇ ಹೇಳುತ್ತಿದ್ದನಂತೆ. ರಾಣಿಯನ್ನೂ ಅವಳ ದತ್ತುಮಗನನ್ನೂ, ಜೊತೆಗೆ ಯಾವನ ಹೆಸರಿನಲ್ಲಿ ಯುದ್ಧ ನಡೆದಿತ್ತೋ ಆ ಚೆನ್ನಬಸಪ್ಪನನ್ನೂ ಮಧುಗಿರಿಗೆ ಕಳಿಸಿ ಸೆರೆಯಲ್ಲಿಟ್ಟ. 1767ರಲ್ಲಿ ಮರಾಠರು ಮಧುಗಿರಿಯನ್ನು ಹಿಡಿದಾಗ ಅವಳಿಗೆ ಬಿಡುಗಡೆಯಾಯಿತು; ಪುಣೆಯ ದಾರಿಯಲ್ಲಿ ತೀರಿಕೊಂಡಳು. ಬಿದನೂರಿನಲ್ಲಿ ಹೈದರನನ್ನು ಕೊಲ್ಲಲು ನಡೆದ ಸಂಚು ಬಯಲಾದ ದಿನ ಮುನ್ನೂರು ಜನರನ್ನು ಪಟ್ಟಣದ ಬಾಗಿಲುಗಳಲ್ಲಿ ನೇಣಿಗೆ ಹಾಕಲಾಯಿತು.

ಆ ಬಾಗಿಲುಗಳ ಬಗ್ಗೆ ಒಂದು ಮಾತು. ಪಟ್ಟಣದ ಗೋಡೆ ಎಂಟು ಮೈಲಿ ಸುತ್ತಳತೆಯದು, ಅದಕ್ಕೆ ಹತ್ತು ಬಾಗಿಲು. ಒಂದು ಕೊಡಿಯಾಲದ ಬಾಗಿಲು, ಅಂದರೆ ಮಂಗಳೂರಿನದು. ಒಂದು ಕವಲೇದುರ್ಗದ ಬಾಗಿಲು. ಒಂದಕ್ಕೆ ದಿಲ್ಲಿ ಬಾಗಿಲು ಎಂದು ಹೆಸರು. ಮಳೆಗಾಲದಲ್ಲಿ ಪಕ್ಕದೂರಿಗೆ ಹೋಗುವುದೇ ಕಷ್ಟವಾದ ಊರಿನಲ್ಲಿ ದಿಲ್ಲಿಗೂ ಒಂದು ಬಾಗಿಲು! ನಗುವ ಹಾಗಿಲ್ಲ. ತನ್ನನ್ನು ಲೋಕದ ನಡುವೆ ಇಟ್ಟುಕೊಂಡ ಊರು ಅದು. 1763 ಅದನ್ನು ಅಂಚಿಗೆ ಸರಿಸಿತು. ಮೊದಲಿಗೆ ಹೈದರನಿಗೂ ಅಲ್ಲೇ ರಾಜಧಾನಿ ಮಾಡುವ ಮನಸ್ಸಿತ್ತು. ಹೈದರ್‌ನಗರವೆಂದು ಹೆಸರಿಟ್ಟ, ಅರಮನೆ ಕಟ್ಟಿಸಿದ, ಮದ್ದುಗುಂಡಿನ ಕಾರ್ಖಾನೆ ತೆರೆದ, ಟಂಕಸಾಲೆ ಇಟ್ಟ. ಕೊನೆಗೆ ರಾಜಧಾನಿ ಶ್ರೀರಂಗಪಟ್ಟಣವೇ ಆಯಿತು, ಹೈದರ್‌ನಗರ ಅಲ್ಲಿಂದ ಆಳಿಸಿಕೊಳ್ಳುವ ಪ್ರಾಂತ್ಯವಾಯಿತು.

ಟಂಕಸಾಲೆಯಿಂದ ಹೊರಬಂದ ಬಹಾದ್ದೂರಿ ಹೊನ್ನನ್ನು ನೋಡಬೇಕು. ಒಂದು ಮಗ್ಗುಲಲ್ಲಿ ಇಕ್ಕೇರಿ ವರಹದಲ್ಲಿದ್ದ ಅದೇ ಶಿವ ಪಾರ್ವತಿಯರು. ಇನ್ನೊಂದು ಮಗ್ಗುಲಲ್ಲಿ ಹೈದರನ ಹೆಸರಿನ ಮೊದಲಕ್ಷರ, ಪಾರಸಿ ಲಿಪಿಯ ‘ಹೇ’, ಒಂದೇ ಒಂದು ಅಕ್ಷರ. ಇದನ್ನು ಹೈದರನ ಉದಾರತೆಯೆಂದು ಹೊಗಳುವ ರೂಢಿ ನಮ್ಮಲ್ಲಿದೆ. ಉದಾರತೆ ಇದ್ದೀತು. ಆದರೆ ಮೆಣಸಿನ ವ್ಯಾಪಾರಿ ಇಕ್ಕೇರಿ ವರಹವನ್ನು ನಂಬಿದ್ದ, ಅಕ್ಷರ ಬಾರದ ಒಕ್ಕಲು ಶಿವ ಪಾರ್ವತಿಯರನ್ನು ಗುರುತಿಸುತ್ತಿದ್ದ. ಸಂತೆಯಲ್ಲಿ ಓಡುವ ನಾಣ್ಯವನ್ನು ಬದಲಾಯಿಸುವವನು ದಡ್ಡ. ಕಂದಾಯ ನಿಲ್ಲಬಾರದು, ಮೆಣಸು ನಿಲ್ಲಬಾರದು. ಅದೇ 1763ರಲ್ಲಿ ಹೈದರ್ ಹೊನ್ನಾವರದಲ್ಲಿ ಇಂಗ್ಲಿಷರಿಗೆ ಮೆಣಸಿನ ವ್ಯಾಪಾರಕ್ಕೆ ಪರವಾನಗಿ ಕೊಟ್ಟದ್ದೂ ಇದೇ ಬುದ್ಧಿಯಿಂದ. ಗದ್ದಿಗೆ ಬದಲಾದಾಗ ಕಚೇರಿ ಹೇಗೆ ಯೋಚಿಸುತ್ತದೆ ಎಂಬುದಕ್ಕೆ ಆ ಸಣ್ಣ ಚಿನ್ನದ ಬಿಲ್ಲೆಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ದೂರದ ರಾಜಧಾನಿಯಿಂದ ಗುಡ್ಡಗಾಡಿನ ಗಡಿಯನ್ನು ಆಳುವ ಕಷ್ಟ ಶ್ರೀರಂಗಪಟ್ಟಣದವರಿಗೆ ಮಾತ್ರ ಬಂದದ್ದಲ್ಲ. ಸಾಗರದಿಂದ ಸೊರಬ ದಾಟಿ ಬನವಾಸಿಯ ಕಡೆಯಿಂದ ಮುಂಡಗೋಡಿಗೆ ಹೋದವರು ಅಲ್ಲಿ 1966ರಿಂದ ನೆಲೆಸಿರುವ ಟಿಬೆಟನ್ನರನ್ನು ನೋಡಿರುತ್ತಾರೆ. ಅವರ ಹಿರಿಯರ ನಾಡಿನಲ್ಲಿ ಇದೇ ಹದಿನೆಂಟನೆಯ ಶತಮಾನದಲ್ಲಿ ಚೀನಾದ ಚಿಂಗ್ ಚಕ್ರವರ್ತಿಗಳು ಮಾಡಿದ್ದೂ ಇಂಥದ್ದೇ ಪ್ರಯೋಗ. 1728ರಿಂದ ಲಾಸಾದಲ್ಲಿ ಅಂಬಾನ್ ಎಂಬ ಹೆಸರಿನ ಇಬ್ಬರು ಅಧಿಕಾರಿಗಳನ್ನು ಕೂರಿಸಿದರು. ಅಂಬಾನ್ ಎಂಬುದು ಮಂಚು ಭಾಷೆಯ ಮಾತು, ದೊಡ್ಡ ಅಧಿಕಾರಿ ಎಂದರ್ಥ. ದಲಾಯಿ ಲಾಮಾನ ಗದ್ದಿಗೆಯನ್ನು ಮುಟ್ಟಲಿಲ್ಲ. ಗೂರ್ಖರ ಜೊತೆ ಯುದ್ಧವಾದ ಮೇಲೆ 1793ರಲ್ಲಿ 29 ಕಲಮುಗಳ ಕಟ್ಟಳೆ ಹೊರಡಿಸಿ, ಆಡಳಿತದಲ್ಲಿ ಅಂಬಾನರು ದಲಾಯಿ ಲಾಮಾನಿಗೆ ಸಮಾನರೆಂದೂ, ಲೆಕ್ಕಪತ್ರ ಮತ್ತು ಹೊರದೇಶದ ಪತ್ರವ್ಯವಹಾರ ಅವರ ಕಣ್ಣಳತೆಯಲ್ಲೇ ನಡೆಯಬೇಕೆಂದೂ ವಿಧಿಸಿದರು. ಪೂರ್ವದ ಖಾಮ್ ಸೀಮೆಯಲ್ಲಿ ವಂಶಪಾರಂಪರ್ಯದ ಪಾಳೆಯಗಾರರಂಥವರು ಇದ್ದರು. ಅವರನ್ನು ತೆಗೆದು ಚಕ್ರವರ್ತಿಯೇ ನೇಮಿಸುವ, ಊರಿಂದೂರಿಗೆ ವರ್ಗವಾಗುವ ಅಧಿಕಾರಿಗಳನ್ನು ಹಾಕುವ ಕೆಲಸ 1905ರ ಬಾತಾಂಗ್ ದಂಗೆಯ ಬಳಿಕ ರಭಸದಿಂದ ನಡೆಯಿತು. ಅದನ್ನು ನಡೆಸಿದ ಚಾವೊ ಅರ್‌ಫೆಂಗ್ 1911ರ ಕ್ರಾಂತಿಯಲ್ಲಿ ಚೆಂಗ್ಡುವಿನಲ್ಲಿ ತಲೆ ಕಳೆದುಕೊಂಡ.

ಎರಡು ದಾರಿಗಳು ಇಲ್ಲಿ ಕಾಣುತ್ತವೆ. ಸ್ಥಳೀಯ ಗದ್ದಿಗೆಯನ್ನು ಉಳಿಸಿ ಪಕ್ಕದಲ್ಲಿ ತನ್ನ ಕುರ್ಚಿ ಹಾಕುವುದು ಒಂದು. ಗದ್ದಿಗೆಯನ್ನೇ ಎತ್ತಿ ಹೊರಗಿನವನನ್ನು ಕೂರಿಸುವುದು ಇನ್ನೊಂದು. ಹೈದರ್ ಎರಡನೆಯದನ್ನು ಹಿಡಿದ. ಅವನ ಕೊನೆಯ ವರ್ಷಗಳಲ್ಲಿ ನಗರದ ಅಧಿಕಾರಿಯಾಗಿದ್ದ ಅಯಾಜ್ ಖಾನ್ ಮಲಬಾರಿನ ನಾಯರ್ ಹುಡುಗ. ಸೆರೆಸಿಕ್ಕಿ, ಮುಸಲ್ಮಾನನಾಗಿ, ಹೈದರನ ಅರಮನೆಯಲ್ಲೇ ಬೆಳೆದವನು. ಮಲೆನಾಡಿನಲ್ಲಿ ಅವನಿಗೆ ನೆಂಟರಿಲ್ಲ, ಜಾತಿಯವರಿಲ್ಲ, ಮಠವಿಲ್ಲ. ಹೈದರನೊಬ್ಬನೇ ಆಸರೆ. ಇಂಥವನೇ ನಂಬಿಗಸ್ತ ಎಂಬುದು ಸಾಮ್ರಾಜ್ಯಗಳ ಹಳೆಯ ಲೆಕ್ಕಾಚಾರ. ಆದರೆ ಆಸರೆಯಾದವನೇ ಸತ್ತರೆ? 1782ರ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ. ಟಿಪ್ಪುವಿಗೂ ಅಯಾಜನಿಗೂ ಮೊದಲಿನಿಂದ ಸರಿಯಿರಲಿಲ್ಲ. ಮರುತಿಂಗಳು ಇಂಗ್ಲಿಷ್ ಜನರಲ್ ಮ್ಯಾಥ್ಯೂಸ್ ಹೊಸಂಗಡಿ ಘಟ್ಟ ಹತ್ತಿ, ಹೈದರ್‌ಗಢದ ಕಾವಲು ಮುರಿದು ಬಂದಾಗ ಅಯಾಜ್ ಊರನ್ನು ಅವನಿಗೊಪ್ಪಿಸಿಬಿಟ್ಟ. ಮೂರು ತಿಂಗಳ ಬಳಿಕ, ಏಪ್ರಿಲ್ ಮುಗಿಯುವ ಹೊತ್ತಿಗೆ ಟಿಪ್ಪು ನಗರವನ್ನು ಮರಳಿ ಗೆದ್ದ. ಮ್ಯಾಥ್ಯೂಸ್ ಶ್ರೀರಂಗಪಟ್ಟಣದ ಸೆರೆಯಲ್ಲಿ ಸತ್ತ. ಈ ಹೋಗಿ ಬರುವ ದಂಡುಗಳ ನಡುವೆ ಸುಟ್ಟ ಪಟ್ಟಣ ಮತ್ತೆ ಮೊದಲಿನಂತಾಗಲಿಲ್ಲ.

ಟಿಪ್ಪುವಿನ ಕಚೇರಿ ತಂದೆಯದಕ್ಕಿಂತ ಬೇರೆ. ತಂದೆಗೆ ಓದು ಬರಹ ಬಾರದು. ಮಗನಿಗೆ ಬರೆದಷ್ಟೂ ಸಾಲದು. ಪ್ರಾಂತ್ಯಗಳಿಗೆ ಆಸಫ್, ಅವರ ಕೆಳಗೆ ಅಮಲ್ದಾರರು, ಅವರಿಗೆಲ್ಲ ಶ್ರೀರಂಗಪಟ್ಟಣದಿಂದ ಸಾಲು ಸಾಲು ಹುಕುಂಗಳು. ಅವನ ಕಂದಾಯದ ಕಟ್ಟಳೆಗಳು 1792ರಲ್ಲಿ ಇಂಗ್ಲಿಷಿಗೆ ಅನುವಾದವಾಗಿ ಕಲ್ಕತ್ತೆಯಲ್ಲಿ ಅಚ್ಚಾದವು. ಅದರಲ್ಲಿ ನೇಗಿಲಿಲ್ಲದ ರೈತನಿಗೆ ತಕಾವಿ ಸಾಲ ಕೊಡಬೇಕೆಂದಿದೆ. ತಪ್ಪು ಮಾಡಿದ ರೈತನಿಂದ ದಂಡ ವಸೂಲಿ ಮಾಡುವ ಬದಲು ಎರಡು ಮಾವು, ಎರಡು ಬಾದಾಮಿ ಗಿಡ ನೆಡಿಸಿ, ಬೆಳೆಯುವ ತನಕ ನೀರು ಹಾಕಿಸಬೇಕೆಂದಿದೆ. ಓದಲು ಸೊಗಸಾಗಿದೆ. ಹೊಳೆ ತುಂಬಿ ದಾರಿ ಕಡಿದು ಹೋಗುವ ಈ ಸೀಮೆಯಲ್ಲಿ ಆ ಕಟ್ಟಳೆಯನ್ನು ಜಾರಿಗೆ ತರಬೇಕಾದವನು ಅಮಲ್ದಾರ. ಅಮಲ್ದಾರನಿಗೆ ಲೆಕ್ಕ ಒಪ್ಪಿಸುವವನು ಕನ್ನಡ ಮಾತ್ರ ಬಲ್ಲ ಶಾನುಭೋಗ. ಅದನ್ನು ಹುಜೂರಿಗೆ ಒಯ್ಯುವ ಹೊತ್ತಿಗೆ ಅದು ಪಾರಸಿಯಾಗಬೇಕು. ನಡುವೆ ಮರಾಠಿ ಬಲ್ಲ ಗುಮಾಸ್ತರ ಕೈ. ಮೂರು ಭಾಷೆ ದಾಟುವ ಲೆಕ್ಕದಲ್ಲಿ ಸುಲ್ತಾನನಿಗೆ ಏನು ಕಾಣುತ್ತದೆಂಬುದನ್ನು ನಿರ್ಧರಿಸುವವರು ಆ ನಡುವಿನವರೇ. ಅಮಲ್ದಾರ ಮುಸಲ್ಮಾನ, ಲೆಕ್ಕಿಗ ಬ್ರಾಹ್ಮಣ, ಗೌಡ ಲಿಂಗಾಯತ ಅಥವಾ ಒಕ್ಕಲಿಗ, ತೆರುವವರು ಎಲ್ಲರೂ. ಧರ್ಮದ ಲೆಕ್ಕ ಹಾಕುವವರಿಗೆ ಈ ಸರಪಳಿಯಲ್ಲಿ ಎಲ್ಲಿ ಗೆರೆ ಎಳೆಯಬೇಕೆಂದು ತೋಚಲಾರದು.

1799ರಲ್ಲಿ ಟಿಪ್ಪು ಸತ್ತ. ಒಡೆಯರ ಗದ್ದಿಗೆ ಮರಳಿತು. ದಿವಾನ ಪೂರ್ಣಯ್ಯ ರಾಜ್ಯವನ್ನು ಮೂರು ಫೌಜುದಾರಿಗಳಾಗಿ ಹಂಚಿದ, ನಗರ ಅದರಲ್ಲೊಂದು. ಟಿಪ್ಪುವಿನ ಕಚೇರಿಯನ್ನು ನಡೆಸಿದ್ದ ಪೂರ್ಣಯ್ಯನೇ ಒಡೆಯರ ಕಚೇರಿಯನ್ನೂ ನಡೆಸಿದ. ಅರಸೊತ್ತಿಗೆ ಬದಲಾಗಿ ಕಚೇರಿ ಬದಲಾಗಲಿಲ್ಲ ಎಂಬುದಕ್ಕೆ ಇನ್ನೇನು ಬೇಕು? ಫೌಜುದಾರ ಎಂದರೆ ಫೌಜಿನ ಒಡೆಯ, ಸೇನೆಯ ಹೆಸರು. ಮಾಡುತ್ತಿದ್ದ ಕೆಲಸ ಕಂದಾಯ ವಸೂಲಿ.

ನಗರದ ಫೌಜುದಾರಿ ಬಕ್ಷಿ ರಾಮರಾಯನ ಕೈಗೆ ಬಂತು. ಅವನ ನಂತರ ಅವನ ನೆಂಟರು, ಅವರ ನೆಂಟರು. 1828ರವರೆಗೆ ಆ ಸೀಮೆಯ ದೊಡ್ಡ ಹುದ್ದೆಗಳೆಲ್ಲ ಹೆಚ್ಚುಕಡಿಮೆ ಒಂದೇ ಬಳಗದಲ್ಲಿ ಸುತ್ತಿದವು. ಹೈದರನ ಕಾಲದಲ್ಲಿ ಅಧಿಕಾರಿಗೆ ಊರಲ್ಲಿ ಯಾರೂ ಇಲ್ಲದ್ದು ಕಷ್ಟವಾಗಿತ್ತು, ಈಗ ಎಲ್ಲರೂ ಅವನವರೇ ಆದದ್ದು ಕಷ್ಟವಾಯಿತು. ಇದರ ಮೇಲೆ ಷರತಿ ಎಂಬ ಪದ್ಧತಿ ಬಂತು. ಇಷ್ಟು ಹಣ ವಸೂಲಿ ಮಾಡಿ ಕೊಡುತ್ತೇನೆ, ಕಡಿಮೆ ಬಿದ್ದರೆ ಕೈಯಿಂದ ತುಂಬುತ್ತೇನೆ ಎಂದು ಅಮಲ್ದಾರ ಸರ್ಕಾರಕ್ಕೆ ಬರೆದುಕೊಡಬೇಕು. ಕೈಯಿಂದ ತುಂಬಿದ ಅಮಲ್ದಾರ ಯಾವ ಕಾಲದಲ್ಲಿ ಇದ್ದಾನೆ? ಮಳೆ ಬರಲಿ ಬಿಡಲಿ, ಅಡಕೆಗೆ ಕೊಳೆ ಬಿದ್ದರೂ, ಬರೆದುಕೊಟ್ಟ ಮೊತ್ತ ಒಕ್ಕಲಿನ ಮನೆಯಿಂದಲೇ ಹೊರಡಬೇಕು. 1828ರಲ್ಲಿ ಮುಮ್ಮಡಿ ಕೃಷ್ಣರಾಜರು ತಮ್ಮ ಸಂಬಂಧಿ ವೀರರಾಜೇ ಅರಸನ್ನು ಫೌಜುದಾರನನ್ನಾಗಿ ಕಳಿಸಿದರು. ಹಿಂದಿನವರು ಕೊಟ್ಟ ಮಾಫಿಗಳು ಮೋಸದವೆಂದು ಅವನು ಹಳೆಯ ಲೆಕ್ಕ ಕೆದಕಿದ. ಮೋಸ ಇದ್ದದ್ದು ಹೌದು. ಆದರೆ ಮಾಫಿಯಾದ ಬಾಕಿ ಮತ್ತೆ ಜೀವ ತಳೆದು ಬಂದು ನಿಂತದ್ದು ರೈತನ ಬಾಗಿಲಿಗೆ. ಅಧಿಕಾರ ಕಳೆದುಕೊಂಡ ಹಳೆಯ ಬಳಗ ಒಳಗಿಂದೊಳಗೆ ಬೆಂಕಿಗೆ ಗಾಳಿ ಹಾಕಿತು.

1830ರಲ್ಲಿ ರೈತರು ಕೂಟ ಸೇರತೊಡಗಿದರು. ಊರಿಂದೂರಿಗೆ ಕಾಗದ ಓಡಾಡಿದವು: ಬನ್ನಿ, ಕಂದಾಯ ಕೊಡಬೇಡಿ. ಆಗ ಬೂದಿ ಬಸವಪ್ಪ ಎಂಬವನು ಕಾಣಿಸಿಕೊಂಡ. ಅವನು ಕೆನರಾ ಜಿಲ್ಲೆಯ ಜೈಲಿನಲ್ಲಿದ್ದು ಬಂದವನು. ಕೆಳದಿಯ ಅರಸರ ಗುರುವಾಗಿದ್ದ ಜಂಗಮನಲ್ಲಿದ್ದ ಹಳೆಯ ಮುದ್ರೆಗಳು ಅವನ ಕೈಸೇರಿದ್ದವು. ತಾನೇ ನಗರದ ಅರಸನೆಂದು ಹೇಳಿಕೊಂಡ, ಕಂದಾಯ ತಗ್ಗಿಸುತ್ತೇನೆಂದು ಮಾತು ಕೊಟ್ಟ. ಕೆಳದಿ ರಾಜ್ಯ ಅಳಿದು 67 ವರ್ಷವಾಗಿತ್ತು. ರಾಣಿಯನ್ನು ಕಂಡವರು ಬದುಕಿರುವುದು ಕಷ್ಟ. ಆದರೂ ಆ ಮುದ್ರೆ ಕೆಲಸ ಮಾಡಿತು, ಏಕೆಂದರೆ ಅದರ ಹಿಂದೆ ಶಿವಪ್ಪನಾಯಕನ ಶಿಸ್ತಿತ್ತು. ಜನ ಬಯಸಿದ್ದು ಕೆಳದಿಯ ವಂಶವನ್ನಲ್ಲ, ಕೆಳದಿಯ ಕಂದಾಯವನ್ನು ಎಂದೇ ನಾನು ಈ ದಂಗೆಯನ್ನು ಓದುತ್ತೇನೆ.

ನಮ್ಮ ಕಾಲದ ವಾಗ್ವಾದಗಳಿಗೆ ಈ ದಂಗೆ ಬಹಳ ಮುಖ್ಯ. ಬಿದನೂರನ್ನು ಗೆದ್ದವನು ಮುಸಲ್ಮಾನನೆಂಬುದೇ ಮಲೆನಾಡಿನ ಸಂಕಟವಾಗಿದ್ದರೆ, ಒಡೆಯರ ಗದ್ದಿಗೆ ಮರಳಿದ 1799ಕ್ಕೆ ಆ ಸಂಕಟ ತೀರಬೇಕಿತ್ತು. ಈ ಸೀಮೆಯ ಅತಿದೊಡ್ಡ ದಂಗೆ ಎದ್ದದ್ದು ಅದಾಗಿ ಮೂವತ್ತು ವರ್ಷಕ್ಕೆ, ಹಿಂದೂ ರಾಜನ, ಹಿಂದೂ ಫೌಜುದಾರರ ಮೇಲೆ. ಹಾಗೆಯೇ ಹೈದರ್ ಟಿಪ್ಪುಗಳ ಕಾಲವೇ ಸುವರ್ಣಯುಗವೆನ್ನುವ ನಮ್ಮವರೂ ಗಮನಿಸಬೇಕು: ದಂಗೆಯೆದ್ದವರು ನವಾಬನ ಹೆಸರು ಹಿಡಿದು ಕೂಗಲಿಲ್ಲ, ಕೆಳದಿಯ ಮುದ್ರೆ ಹಿಡಿದು ಬಂದರು.

ಮೈಸೂರಿನ ದಂಡು ಸಾಲದೆ ಕಂಪನಿಯ ದಂಡು ಬಂತು. 1831ರ ಜೂನಿನಲ್ಲಿ, ಮುಂಗಾರು ಹಿಡಿಯುವ ಹೊತ್ತಿಗೆ, ಕರ್ನಲ್ ಇವಾನ್ಸ್ ನಗರದ ಕೋಟೆ ಹಿಡಿದ. ಅದೇ ವರ್ಷ ಗವರ್ನರ್ ಜನರಲ್ ಬೆಂಟಿಂಕ್ ಇಡೀ ಮೈಸೂರಿನ ಆಡಳಿತವನ್ನೇ ರಾಜರ ಕೈಯಿಂದ ಕಿತ್ತುಕೊಂಡ. ಅದು ಮರಳಿದ್ದು 50 ವರ್ಷಗಳ ಮೇಲೆ, 1881ರಲ್ಲಿ. ನಗರದ ಲೆಕ್ಕ ಪುಸ್ತಕದಲ್ಲಿ ಹೊತ್ತಿದ ಕಿಡಿ ಮೈಸೂರು ಅರಮನೆಯ ಅಧಿಕಾರವನ್ನೇ ಸುಟ್ಟಿತು. 1834ರಿಂದ 1861ರವರೆಗೆ ಕಮಿಷನರನಾಗಿದ್ದ ಮಾರ್ಕ್ ಕಬ್ಬನ್ 769 ಬಗೆಯ ಚಿಲ್ಲರೆ ತೆರಿಗೆಗಳನ್ನು ರದ್ದುಮಾಡಿದನೆಂದು ಗೆಜೆಟಿಯರ್ ಹೇಳುತ್ತದೆ. ಆ ಸಂಖ್ಯೆಯನ್ನು ಒಂದು ಗಳಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮದುವೆಗೆ, ಮಗುವಿಗೆ, ಗಾಡಿಗೆ, ಗೊಬ್ಬರಕ್ಕೆ, ಇನ್ನೂ ಹೆಸರಿಲ್ಲದ್ದಕ್ಕೆಲ್ಲ ತೆರಿಗೆ ಹಾಕದೆ 769ನ್ನು ಮುಟ್ಟಲು ಸಾಧ್ಯವೇ?

ಬ್ರಿಟಿಷರು ನಗರದ ಹೆಸರನ್ನು ಇಟ್ಟುಕೊಂಡರು, ಕಚೇರಿಯನ್ನು ಶಿವಮೊಗ್ಗಕ್ಕೆ ಒಯ್ದರು. ಮಲೆನಾಡಿನ ಜ್ವರಕ್ಕೆ ಹೆದರದ ಅಧಿಕಾರಿ ಇರಲಿಲ್ಲ. 1860ರ ದಶಕದಲ್ಲಿ ಶಿವಮೊಗ್ಗ, ಕಡೂರು, ಚಿತ್ರದುರ್ಗ ಮೂರೂ ಜಿಲ್ಲೆ ಸೇರಿದ ‘ನಗರ ಡಿವಿಜನ್’ ಇತ್ತು. ನಗರದಲ್ಲಿ ಮಾತ್ರ ಡಿವಿಜನ್ ಕಚೇರಿ ಇರಲಿಲ್ಲ. ಕವಲೇದುರ್ಗದ ಗತಿಯೂ ಇದೇ. ತಾಲ್ಲೂಕಿಗೆ ಬಹುಕಾಲ ಕವಲೇದುರ್ಗದ್ದೇ ಹೆಸರು. ಕಚೇರಿ, ಸಂತೆ, ತುಂಗೆಯ ದಾರಿ ಎಲ್ಲ ತೀರ್ಥಹಳ್ಳಿಯಲ್ಲಿದ್ದ ಮೇಲೆ ಹೆಸರೂ ಇಳಿದು ಬಂತು. ಬೆಟ್ಟದ ಮೇಲೆ ಕೋಟೆ ಉಳಿಯಿತು.

ಈ ಕಚೇರಿಗಳೆಲ್ಲ ನಮ್ಮ ಬಾಯಲ್ಲಿ ಬಿಟ್ಟುಹೋದ ಮಾತುಗಳ ಬಗ್ಗೆ ಬರೆಯದೆ ಮುಂದೆ ಹೋಗಲಾರೆ. ಉರ್ದು ಶಾಲೆಯ ಬೆಂಚಿನಿಂದ ಕನ್ನಡ ಶಾಲೆಯ ಬೆಂಚಿಗೆ ಬಂದವನಿಗೆ ಅದೊಂದು ಚಟ. ತಾಲ್ಲೂಕು, ಜಿಲ್ಲೆ, ಜಮೀನು, ಅರ್ಜಿ, ಹುಕುಂ, ಜಮಾಬಂದಿ, ಖಾನೇಷುಮಾರಿ, ಶಿರಸ್ತೇದಾರ, ತಹಸೀಲ್ದಾರ, ಗುಮಾಸ್ತ, ದರಖಾಸ್ತು. ಮನೆಯ ದಖನಿಯಲ್ಲೂ ಇವೇ, ಹವ್ಯಕರ ಅಡಕೆ ಅಂಗಳದಲ್ಲೂ ಇವೇ, ದೀವರ ಜಗುಲಿಯಲ್ಲೂ ಇವೇ. ತಹಸೀಲ್ ಎಂದರೆ ವಸೂಲಿ. ದರಖಾಸ್ತು ಎಂದರೆ ಬೇಡಿಕೆ. ಗುಮಾಸ್ತ ಎಂದರೆ ನೇಮಕಗೊಂಡವನು. ಇನ್ನು ರೈತ. ಅರಬ್ಬಿಯ ರಈಯತ್ ಎಂಬುದರಿಂದ ಬಂದದ್ದು. ಕಾಯಲ್ಪಡುವ ಮಂದೆ, ಅದರಿಂದ ಪ್ರಜೆ ಎಂದು ಅದರ ಅರ್ಥ. ಅದರ ಒಡನಾಡಿ ರಾಈ, ಅಂದರೆ ಕುರುಬ, ಕಾಯುವವನು. ಮಂದೆ ಎಂಬ ಮಾತು ಕನ್ನಡಕ್ಕೆ ಬಂದು ಉಳುವವನಾಯಿತು, ಎರಡು ಶತಮಾನ ಕಳೆಯುವುದರೊಳಗೆ ರೈತಸಂಘವಾಗಿ ಕಚೇರಿಯ ಮುಂದೆ ಧರಣಿ ಕೂತಿತು. ಕಾಯುವವನ ಹೆಸರು ಮಾತ್ರ ಕನ್ನಡಕ್ಕೆ ಬರಲೇ ಇಲ್ಲ. ಕನ್ನಡದ್ದೇ ಆಗಿ ಉಳಿದವು ಕಂದಾಯ, ಶಾನುಭೋಗ, ಗೇಣಿ, ಕಡತ.

ಗೇಣಿಯ ಮಾತು ಬಂದಮೇಲೆ ಕಾಗೋಡನ್ನು ನೆನೆಯಬೇಕು. 1951ರ ಏಪ್ರಿಲಿನಲ್ಲಿ ಸಾಗರ ತಾಲ್ಲೂಕಿನ ಆ ಊರಿನ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. ಬಹುಪಾಲು ದೀವರ ಒಕ್ಕಲುಗಳು; ಮುಂದೆ ನಿಂತವರು ಎಚ್. ಗಣಪತಿಯಪ್ಪ. ಜಗಳದ ಬೇರು ಇದ್ದದ್ದು ಕೊಳಗದಲ್ಲಿ. ಗೇಣಿ ಭತ್ತವನ್ನು ಧಣಿ ಅಳೆದುಕೊಳ್ಳುವ ಕೊಳಗ ಊರಿನ ಕೊಳಗಕ್ಕಿಂತ ದೊಡ್ಡದಾಗಿತ್ತು. ರಾಮಮನೋಹರ ಲೋಹಿಯಾ ದಿಲ್ಲಿಯಿಂದ ಬಂದು ಇಲ್ಲಿ ಬಂಧನಕ್ಕೊಳಗಾದರು. ಶಿವಪ್ಪನಾಯಕ ಗದ್ದೆಗೆ ಬೀಳುವ ಬೀಜದಿಂದ ಲೆಕ್ಕ ಶುರುಮಾಡಿದ ನಾಡಿನಲ್ಲಿ ಮುನ್ನೂರು ವರ್ಷಗಳ ಮೇಲೆ ಸ್ವತಂತ್ರ ಭಾರತದ ಒಂದು ದೊಡ್ಡ ರೈತ ಹೋರಾಟ ಎದ್ದದ್ದೂ ಅಳತೆಯ ಮೇಲೆಯೇ. 1974ರ ಭೂಸುಧಾರಣೆಯಲ್ಲಿ ನಮೂನೆ 7 ತುಂಬಿ ಗೇಣಿದಾರರು ಒಡೆಯರಾದರು, ಎಲ್ಲರೂ ಆಗಲಿಲ್ಲ.

ಅಷ್ಟರಲ್ಲಿ ನೀರು ಬಂದಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಸಾಗರ, ಹೊಸನಗರ ತಾಲ್ಲೂಕುಗಳ ಗದ್ದೆ, ತೋಟ, ಮನೆ, ದೇವಸ್ಥಾನಗಳ ಮೇಲೆ ನಿಂತಳು. ಎದ್ದು ಹೋದವರಿಗೆ ಕಾಡಿನಂಚಿನಲ್ಲಿ ನೆಲ ತೋರಿಸಿದರು, ಕೆಲವರು ತಾವೇ ಸವರಿಕೊಂಡರು. ಮೈಸೂರು ರಾಜ್ಯಕ್ಕೆಲ್ಲ ದೀಪ ಕೊಟ್ಟವರ ನೆಲಕ್ಕೆ ಕಾಗದ ಸಿಗಲಿಲ್ಲ. ಕಂದಾಯ ಇಲಾಖೆ ಕೊಟ್ಟರೆ ಅರಣ್ಯ ಇಲಾಖೆ ತಮ್ಮದೆನ್ನುತ್ತದೆ. ಅಪ್ಪಣೆಯಿಲ್ಲದೆ ಉಳುವ ಸರ್ಕಾರಿ ನೆಲಕ್ಕೆಲ್ಲ ಕಚೇರಿಯಲ್ಲಿ ಒಂದು ಹೆಸರಿದೆ: ಬಗರ್ ಹುಕುಂ. ಬಗೈರ್ ಹುಕ್ಮ್, ಅಪ್ಪಣೆಯಿಲ್ಲದೆ. ಹುಕುಂ ಹೊರಡಿಸಿದವರೆಲ್ಲ ಹೋಗಿಯಾಗಿದೆ. ಹುಕುಂ ಇಲ್ಲದವರು ಇದ್ದಾರೆ. ಅವರಿಗಾಗಿ ಮೊದಲು ನಮೂನೆ 50 ಬಂತು, ಆಮೇಲೆ 53, 2018ರಲ್ಲಿ 57. ನಗರ ಹೋಬಳಿಯವರು ಅರ್ಜಿ ಹಿಡಿದು ಹೊಸನಗರದ ತಾಲ್ಲೂಕು ಕಚೇರಿಗೆ ಹೋಗುತ್ತಾರೆ. ಅಲ್ಲಿ ತೀರದಿದ್ದರೆ ಉಪವಿಭಾಗಾಧಿಕಾರಿಯ ಕಚೇರಿ ಸಾಗರದಲ್ಲಿ. ಅಲ್ಲೂ ತೀರದಿದ್ದರೆ ಶಿವಮೊಗ್ಗ. ತೀರ್ಥಹಳ್ಳಿಯವರಿಗೆ ಸಾಗರದ ಮೆಟ್ಟಿಲಿಲ್ಲ, ಅವರು ನೇರ ಶಿವಮೊಗ್ಗದ ಉಪವಿಭಾಗಕ್ಕೇ ಹೋಗಬೇಕು. ತೋರಿಸಲು ಅವರ ಚೀಲದಲ್ಲಿ ಅಜ್ಜನ ಕಾಲದ ಕಂದಾಯ ರಸೀದಿ, ಮುಳುಗಡೆಯ ನೋಟೀಸು, ಪಡಿತರ ಚೀಟಿಯ ಜೆರಾಕ್ಸು ಇರುತ್ತವೆ. ಕಡತ ಮೇಲಿನ ಕಚೇರಿಗೆ ಹೋಗಿದೆ, ಮುಂದಿನ ವಾರ ಬನ್ನಿ ಎಂದು ಗುಮಾಸ್ತರು ಹೇಳುತ್ತಾರೆ.